ಎರವಲು ಮಾತಿನಲ್ಲಿ ತನ್ನನ್ನು ಕಾಣುವುದು: ಆದಿ ಕ್ರೈಸ್ತ ಚಿಂತನೆಯಲ್ಲಿ ಓದು

ಅಗಸ್ಟೀನನ ‘ಕನ್ಫೆಷನ್ಸ್’ ಕೃತಿಯನ್ನು ಪಶ್ಚಿಮದ ಮೊದಲ ಆತ್ಮಕಥೆ ಎಂದು ಕರೆಯುವ ವಾಡಿಕೆಯಿದೆ. ಆ ಮಾತು ಎಷ್ಟು ಸರಿ ಎಂಬ ಚರ್ಚೆಯನ್ನು ಬದಿಗಿಟ್ಟು, ಅದರ ಆರಂಭದ ಸಾಲುಗಳನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. ‘ಕರ್ತನೇ, ನೀನು ದೊಡ್ಡವನು, ಬಹು ಸ್ತುತ್ಯನು, ನಿನ್ನ ಶಕ್ತಿ ಅಧಿಕವಾದದ್ದು, ನಿನ್ನ ಜ್ಞಾನಕ್ಕೆ ಮಿತಿಯಿಲ್ಲ.’ ತನ್ನ ಬದುಕನ್ನು ಹೇಳಿಕೊಳ್ಳಲು ಹೊರಟವನ ಈ ಮೊದಲ ಮಾತುಗಳಲ್ಲಿ ಒಂದೂ ಅವನದಲ್ಲ. ಅವು ಬೈಬಲಿನ ಕೀರ್ತನೆಗಳಿಂದ, ಕನ್ನಡ ಬೈಬಲಿನ ಎಣಿಕೆಯಲ್ಲಿ ಹೇಳುವುದಾದರೆ 145 ಮತ್ತು 147ನೆಯ ಕೀರ್ತನೆಗಳಿಂದ, ಎತ್ತಿಕೊಂಡವು. ಈತ ಸಾಮಾನ್ಯ ಬರಹಗಾರನಲ್ಲ. ಉತ್ತರ ಆಫ್ರಿಕಾದ ತಗಸ್ತೆಯಲ್ಲಿ 354ರಲ್ಲಿ ಹುಟ್ಟಿ, ಕಾರ್ಥೇಜ್, ರೋಮ್, ಮಿಲಾನ್ ನಗರಗಳಲ್ಲಿ ಭಾಷಣಕಲೆಯನ್ನು ಕಲಿಸಿ ಬದುಕಿದವನು. ಮಾತನ್ನು ಕಟ್ಟುವುದು ಅವನ ವೃತ್ತಿಯೇ ಆಗಿತ್ತು. ಅಂಥವನು ‘ನಾನು ಯಾರು’ ಎಂದು ಕೇಳಿಕೊಳ್ಳುವ ಹೊತ್ತಿಗೆ ಬೇರೊಬ್ಬರ ಮಾತಿನಿಂದ ಏಕೆ ತೊಡಗಿದ? ಈ ಪ್ರಶ್ನೆಯೇ ಇಂದಿನ ನನ್ನ ಮಾತಿನ ಎಳೆ.

ನನಗೆ ತೋರುವ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೂರನೆಯ ಶತಮಾನದಿಂದ ಆರನೆಯ ಶತಮಾನದವರೆಗಿನ ಕ್ರೈಸ್ತ ಚಿಂತಕರಲ್ಲಿ ಹಲವರು, ಮನುಷ್ಯನು ಕಣ್ಣು ಮುಚ್ಚಿ ನೇರವಾಗಿ ಒಳಗೆ ನೋಡಿಕೊಂಡರೆ ತನ್ನನ್ನು ಕಂಡಾನು ಎಂದು ನಂಬಲಿಲ್ಲ. ಅವರ ಎಣಿಕೆಯಲ್ಲಿ ಮನಸ್ಸಿಗೆ ತನ್ನ ಬಗ್ಗೆ ಸುಳ್ಳು ಹೇಳಿಕೊಳ್ಳುವ ಚಟವಿದೆ. ಆದ್ದರಿಂದ ಹೊರಗಿನಿಂದ ಬಂದ ಒಂದು ಮಾತು ಬೇಕು. ಆ ಮಾತನ್ನು ‘ನಾನು’ ಎಂದುಕೊಂಡು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳುವಾಗ ಆ ‘ನಾನು’ ತನಗೆ ಎಲ್ಲಿ ಒಪ್ಪುತ್ತದೆ, ಎಲ್ಲಿ ಚುಚ್ಚುತ್ತದೆ ಎಂಬುದು ಗೊತ್ತಾಗುತ್ತದೆ. ಆತ್ಮಜ್ಞಾನ ಎಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಉಪನಿಷತ್ತುಗಳೂ ವಚನಗಳೂ ನೆನಪಾಗಿರಬಹುದು. ಆ ಹೋಲಿಕೆಗೆ ನಾನು ಇಂದು ಕೈಹಾಕುವುದಿಲ್ಲ. ಎರಡು ಪರಂಪರೆಗಳನ್ನು ಪಕ್ಕಪಕ್ಕ ಇಟ್ಟು ‘ಎಲ್ಲವೂ ಒಂದೇ’ ಎಂದು ಮುಗಿಸುವುದು ಸುಲಭ, ಆದರೆ ಅದರಿಂದ ಎರಡಕ್ಕೂ ನ್ಯಾಯ ಸಲ್ಲುವುದಿಲ್ಲ.

ಈ ಯೋಚನೆಗೆ ಮೊದಲ ದೊಡ್ಡ ರೂಪ ಕೊಟ್ಟವರಲ್ಲಿ ಅಲೆಕ್ಸಾಂಡ್ರಿಯಾದ ಓರಿಗನ್ ಒಬ್ಬ. ಸುಮಾರು 185ರಲ್ಲಿ ಹುಟ್ಟಿದ ಇವನ ತಂದೆ ಲಿಯೊನಿಡೀಸ್ ತನ್ನ ನಂಬಿಕೆಗಾಗಿ ಪ್ರಾಣ ತೆತ್ತವನು. ಆತ ಮಗನಿಗೆ ಗ್ರೀಕ್ ಶಿಕ್ಷಣದ ಜೊತೆಗೆ ಪ್ರತಿದಿನ ಶಾಸ್ತ್ರಗ್ರಂಥದ ಭಾಗಗಳನ್ನು ಬಾಯಿಪಾಠ ಮಾಡಿಸುತ್ತಿದ್ದನೆಂದೂ, ಬರಿಯ ಅಕ್ಷರಾರ್ಥದಿಂದ ತೃಪ್ತನಾಗದ ಹುಡುಗ ತಂದೆಯನ್ನು ಪ್ರಶ್ನೆಗಳಿಂದ ಕಾಡುತ್ತಿದ್ದನೆಂದೂ ಚರಿತ್ರಕಾರ ಯುಸೀಬಿಯಸ್ ಬರೆಯುತ್ತಾನೆ. ಇದೇ ಓರಿಗನ್ ಮುಂದೆ ಬೈಬಲಿನ ಪರಮಗೀತಕ್ಕೆ ವ್ಯಾಖ್ಯಾನ ಬರೆದ. ಪರಮಗೀತ ಮೇಲುನೋಟಕ್ಕೆ ಪ್ರೇಮಿಗಳ ಸಂವಾದ. ಅದರ ಮೊದಲ ಅಧ್ಯಾಯದಲ್ಲಿ ವರನು ವಧುವಿಗೆ ಹೇಳುವ ಒಂದು ಮಾತು, ಓರಿಗನ್ ಬಳಸುತ್ತಿದ್ದ ಗ್ರೀಕ್ ಪಾಠದಲ್ಲಿ, ‘ಸ್ತ್ರೀಯರಲ್ಲಿ ಸುಂದರಿಯೇ, ನಿನ್ನನ್ನು ನೀನು ಅರಿಯದಿದ್ದರೆ ಮಂದೆಗಳ ಹೆಜ್ಜೆಯ ಹಿಂದೆ ಹೋಗು’ ಎಂದಿದೆ. ಓರಿಗನ್ ಇಲ್ಲಿ ನಿಂತುಬಿಡುತ್ತಾನೆ. ‘ನಿನ್ನನ್ನು ನೀನು ತಿಳಿ’ ಎಂಬ ಸೂತ್ರವನ್ನು ಗ್ರೀಕರು ತಮ್ಮ ಜ್ಞಾನಿಗಳ ಕೊಡುಗೆ ಎಂದು ಹೆಮ್ಮೆಪಡುತ್ತಾರೆ, ಆದರೆ ಪರಮಗೀತದ ಕರ್ತೃವೆಂದು ನಂಬಲಾದ ಸೊಲೊಮೋನ ಅವರಿಗಿಂತ ಮೊದಲೇ ಇದನ್ನು ಹೇಳಿದ್ದ ಎಂಬುದು ಅವನ ವಾದ. ಯಾರು ಮೊದಲು ಎಂಬ ಈ ಜಗಳ ಆ ಕಾಲದ ಕ್ರೈಸ್ತ ಲೇಖಕರಿಗೆ ಪ್ರಿಯವಾದದ್ದು. ನಮಗೆ ಅದರಲ್ಲಿ ಹೆಚ್ಚಿನ ಹುರುಳಿಲ್ಲ.

ಆಮೇಲೆ ಅವನು ಮಾಡುವ ಕೆಲಸದಲ್ಲಿ ಹುರುಳಿದೆ. ಆತ್ಮವು ತನ್ನನ್ನು ಅರಿಯುವುದಕ್ಕೆ ಎರಡು ಬಗೆಗಳಿವೆ ಎನ್ನುತ್ತಾನೆ. ಆತ್ಮದ ಸ್ವರೂಪವೇನು, ಅದು ದೇಹವುಳ್ಳದ್ದೇ ಇಲ್ಲದ್ದೇ, ಅದು ಹುಟ್ಟಿದ್ದು ಹೇಗೆ ಎಂದು ವಿಚಾರಿಸುವುದು ಒಂದು ಬಗೆ. ಇವು ತತ್ತ್ವಶಾಸ್ತ್ರದ ಪ್ರಶ್ನೆಗಳು. ಇನ್ನೊಂದು ಬಗೆ ನಡತೆಯದು. ನನ್ನ ಒಲವುಗಳು ಯಾವ ಕಡೆಗೆ, ನಾನು ಮಾಡುವ ಒಳಿತು ಯಾವ ಉದ್ದೇಶದಿಂದ ಆಗುತ್ತಿದೆ, ಕೋಪವೂ ಕೀರ್ತಿಯ ಆಸೆಯೂ ನನ್ನೊಳಗೆ ಎಷ್ಟು ಉಳಿದಿವೆ ಎಂದು ಪರೀಕ್ಷಿಸುವುದು. ಈ ಎರಡೂ ವಿಚಾರಣೆಗಳನ್ನು ಓರಿಗನ್ ಒಂದು ಪ್ರೇಮಗೀತೆಯ ಸಾಲನ್ನು ಓದುತ್ತ ನಡೆಸುತ್ತಾನೆ ಎಂಬುದನ್ನು ಗಮನಿಸಿ. ಗ್ರೀಸಿನ ದೆಲ್ಫಿಯಲ್ಲಿ ‘ನಿನ್ನನ್ನು ನೀನು ತಿಳಿ’ ಎಂಬುದು ದೇವಾಲಯದಲ್ಲಿ ಕೆತ್ತಿಟ್ಟ, ಯಾರಿಗೆಂದಿಲ್ಲದ ಆಜ್ಞೆ. ಇಲ್ಲಿ ಅದು ಪ್ರೀತಿಸುವವನು ಪ್ರೀತಿಸಲ್ಪಡುವವಳಿಗೆ, ಅವಳನ್ನು ಸುಂದರಿ ಎಂದು ಕರೆದು, ಆಡುವ ಎಚ್ಚರಿಕೆ. ಓದುಗನು ವಧುವಿನ ಸ್ಥಾನದಲ್ಲಿ ನಿಂತರೆ ಮಾತ್ರ ಆ ಎಚ್ಚರಿಕೆ ಅವನಿಗೆ ತಗಲುತ್ತದೆ. ಆದಿಕಾಂಡದಲ್ಲಿ ಇಸಾಕನು ಬಾವಿಗಳನ್ನು ತೋಡಿಸುವ ಕಥೆಯ ಬಗ್ಗೆ ಕೊಟ್ಟ ಪ್ರವಚನದಲ್ಲಿಯೂ ಓರಿಗನ್ ಇದೇ ದಾರಿ ಹಿಡಿಯುತ್ತಾನೆ: ಫಿಲಿಷ್ಟಿಯರು ಮಣ್ಣು ತುಂಬಿದ್ದ ಬಾವಿ ನಿಮ್ಮೊಳಗೂ ಇದೆ, ಮಣ್ಣು ತೆಗೆದರೆ ನೀರು ಅಲ್ಲಿಯೇ ಇರುತ್ತದೆ ಎಂದು ಕೇಳುಗರಿಗೆ ಹೇಳುತ್ತಾನೆ.

ಓರಿಗನ್ ವಿದ್ವಾಂಸ, ಅವನ ಓದು ವಿದ್ವಾಂಸನ ಓದು. ಅದೇ ನಗರದ ಬಿಷಪ್ ಅಥನೇಷಿಯಸ್ ನಾಲ್ಕನೆಯ ಶತಮಾನದಲ್ಲಿ ಬರೆದ ಒಂದು ಪತ್ರ ಈ ವಿಚಾರವನ್ನು ಎಲ್ಲರ ಕೈಗೆ ಸಿಗುವಂತೆ ಮಾಡಿತು. ಅಥನೇಷಿಯಸನ ಹೆಸರು ಕೇಳಿದವರಿಗೆ ಅವನ ದೇವತಾಶಾಸ್ತ್ರದ ಕಾದಾಟಗಳು ನೆನಪಾಗುತ್ತವೆ. ಮಾರ್ಸೆಲಿನಸ್ ಎಂಬವನಿಗೆ ಬರೆದ ಈ ಪತ್ರವನ್ನು ಓದಿದವರು ಕಡಿಮೆ. ನನ್ನ ದೃಷ್ಟಿಯಲ್ಲಿ ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ದಾಖಲೆ ‘ಕನ್ಫೆಷನ್ಸ್’ಗಿಂತ ಮೊದಲು ಇಲ್ಲ. ಮಾರ್ಸೆಲಿನಸ್ ಕಾಯಿಲೆಯ ನಡುವೆಯೂ ಶಾಸ್ತ್ರಗ್ರಂಥದ ಅಭ್ಯಾಸ ಬಿಟ್ಟಿರಲಿಲ್ಲ. ಅದರಲ್ಲೂ ಕೀರ್ತನೆಗಳಲ್ಲಿ ಮನಸ್ಸಿಟ್ಟಿದ್ದ. ಅವನಿಗೆ ಅಥನೇಷಿಯಸ್ ತಾನು ಒಬ್ಬ ವೃದ್ಧನಿಂದ ಕೇಳಿದ್ದನ್ನು ತಿಳಿಸುತ್ತಾನೆ.

ಆ ವೃದ್ಧನ ಮಾತಿನ ಸಾರ ಹೀಗಿದೆ. ಬೈಬಲಿನ ಬೇರೆ ಪುಸ್ತಕಗಳನ್ನು ಓದುವಾಗ ನಾವು ಮೋಶೆಯ ಮಾತನ್ನು ಮೋಶೆಯ ಮಾತೆಂದೇ, ಪ್ರವಾದಿಗಳ ಮಾತನ್ನು ಪ್ರವಾದಿಗಳ ಮಾತೆಂದೇ ಓದುತ್ತೇವೆ. ಅಬ್ರಹಾಮನು ಹೇಳಿದ್ದನ್ನು ತಾನೇ ಹೇಳಿದಂತೆ ಉಚ್ಚರಿಸುವ ಧೈರ್ಯ ಯಾರೂ ಮಾಡುವುದಿಲ್ಲ. ಕೀರ್ತನೆಗಳಲ್ಲಿ ಮಾತ್ರ ಸಂಗತಿ ತಿರುಗುಮುರುಗಾಗುತ್ತದೆ. ಅವುಗಳನ್ನು ಓದುವವನು ಆ ಮಾತುಗಳನ್ನು ತನ್ನವೇ ಎಂಬಂತೆ ನುಡಿಯುತ್ತಾನೆ, ತನ್ನ ಬಗ್ಗೆಯೇ ಬರೆದದ್ದೆಂಬಂತೆ ಅವುಗಳಿಂದ ಕದಲುತ್ತಾನೆ. ಹೀಗೆ ಅವು ಹಾಡುವವನಿಗೆ ಕನ್ನಡಿಯಾಗುತ್ತವೆ. ಅದರಲ್ಲಿ ಅವನು ತನ್ನ ಆತ್ಮದ ಚಲನೆಗಳನ್ನು ಕಂಡು, ಕಂಡದ್ದನ್ನು ಹೇಳುವ ಮಾತನ್ನೂ ಅಲ್ಲಿಯೇ ಪಡೆಯುತ್ತಾನೆ. ಪತ್ರದ ಬಹುಭಾಗ ಒಂದು ಕೈಪಿಡಿಯಂತಿದೆ: ನಿನ್ನನ್ನು ಸುತ್ತಲಿನವರು ಹಿಂಸಿಸಿದಾಗ ಈ ಕೀರ್ತನೆ, ತಪ್ಪು ಮಾಡಿ ನಾಚಿಕೆಪಟ್ಟಾಗ 51ನೆಯದು, ಬಿಡುಗಡೆ ಸಿಕ್ಕಿ ಕೃತಜ್ಞತೆ ತುಂಬಿದಾಗ ಇನ್ನೊಂದು. ಈ ಪಟ್ಟಿ ಯಾಂತ್ರಿಕವಾಗಿ ಕಾಣಬಹುದು. ಆದರೆ ಅದರ ಹಿಂದೆ ಒಂದು ಸೂಕ್ಷ್ಮವಿದೆ. ಯಾವ ಕೀರ್ತನೆ ಬೇಕೆಂದು ಆರಿಸುವುದಕ್ಕೆ ಮೊದಲು ತನ್ನ ಸ್ಥಿತಿ ಯಾವುದೆಂದು ಓದುಗನು ಒಪ್ಪಿಕೊಳ್ಳಬೇಕಾಗುತ್ತದೆ, ಮತ್ತು ನಾಚಿಕೆಯ ಕೀರ್ತನೆಯನ್ನು ಕೈಗೆತ್ತಿಕೊಳ್ಳಲು ಮನಸ್ಸು ಹಿಂಜರಿದರೆ ಆ ಹಿಂಜರಿಕೆಯೂ ಅವನ ಬಗ್ಗೆ ಏನನ್ನೋ ಹೇಳುತ್ತದೆ.

ಕನ್ನಡಿಯ ರೂಪಕ ಹೊಸತೇನಲ್ಲ. ವಾಕ್ಯವನ್ನು ಕೇಳಿಯೂ ಅದರಂತೆ ನಡೆಯದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಆಚೆ ಹೋಗಿ, ತಾನು ಹೇಗಿದ್ದೆನೆಂಬುದನ್ನು ಕೂಡಲೇ ಮರೆಯುವವನಂತೆ ಎಂದು ಯಾಕೋಬನ ಪತ್ರದಲ್ಲಿದೆ. ಅಲ್ಲಿ ಅದು ಮರೆವಿನ ರೂಪಕ. ಅಥನೇಷಿಯಸ್ ಅದನ್ನು ಬಾಯಿಯ ಅಭ್ಯಾಸಕ್ಕೆ ಕಟ್ಟಿದ.

ಇಲ್ಲಿ ‘ಓದು’ ಎಂದಾಗ ನಾವು ಇಂದಿನ ಓದನ್ನು ಕಲ್ಪಿಸಿಕೊಳ್ಳಬಾರದು. ಕೈಬರಹದ ಪುಸ್ತಕಗಳು ದುಬಾರಿಯಾಗಿದ್ದವು. ಗ್ರೀಕ್ ಮತ್ತು ಲ್ಯಾಟಿನ್ ಬರಹದಲ್ಲಿ ಪದಗಳ ನಡುವೆ ಸಾಮಾನ್ಯವಾಗಿ ಜಾಗ ಬಿಡುತ್ತಿರಲಿಲ್ಲ. ಹೆಚ್ಚಿನ ಜನ ಶಾಸ್ತ್ರವನ್ನು ಕಿವಿಯಿಂದ ‘ಓದುತ್ತಿದ್ದರು’. ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳಲ್ಲಿ ಅತ್ಯಂತ ಪ್ರಸಿದ್ಧನಾದ ಆಂಟನಿ ಅಕ್ಷರ ಕಲಿಯಲು ಒಪ್ಪಲಿಲ್ಲವೆಂದು ಅವನ ಚರಿತ್ರೆಯನ್ನು ಬರೆದ ಅಥನೇಷಿಯಸನೇ ಹೇಳುತ್ತಾನೆ. ಒಂದು ದಿನ ಚರ್ಚಿನಲ್ಲಿ ಮತ್ತಾಯನ ಸುವಾರ್ತೆಯಿಂದ ‘ನಿನಗಿರುವುದನ್ನೆಲ್ಲ ಮಾರಿ ಬಡವರಿಗೆ ಕೊಡು’ ಎಂಬ ಮಾತು ಓದಲ್ಪಟ್ಟಾಗ, ಅದು ತನಗೇ ಹೇಳಿದ್ದೆಂದು ಭಾವಿಸಿ ಅವನು ಹಾಗೆಯೇ ಮಾಡಿದ. ಅವನಿಗೆ ಪುಸ್ತಕದ ಬದಲು ನೆನಪೇ ಇತ್ತು. ಆದರೂ ಇದೇ ಆಂಟನಿ ತನ್ನ ಶಿಷ್ಯರಿಗೆ ಕೊಟ್ಟ ಒಂದು ಸಲಹೆ ಬರವಣಿಗೆಗೆ ಸಂಬಂಧಿಸಿದ್ದು: ನಿಮ್ಮ ಕೆಲಸಗಳನ್ನೂ ಮನಸ್ಸಿನ ಚಲನೆಗಳನ್ನೂ ಇನ್ನೊಬ್ಬರಿಗೆ ವರದಿ ಒಪ್ಪಿಸುವವರಂತೆ ಬರೆದಿಡಿ, ಇನ್ನೊಬ್ಬರ ಕಣ್ಣೆದುರು ಯಾರೂ ಕೆಟ್ಟದ್ದನ್ನು ಮಾಡುವುದಿಲ್ಲ, ಆ ಬರಹ ನಿಮಗೆ ಆ ಕಣ್ಣಾಗಲಿ. ಅಕ್ಷರ ಕಲಿಯದ ಗುರು ಬರೆಯಲು ಹೇಳುವುದು ವಿಚಿತ್ರವೆನಿಸಬಹುದು. ತನ್ನನ್ನು ಕಾಣಲು ಇನ್ನೊಬ್ಬರ ದೃಷ್ಟಿ ಬೇಕು ಎಂಬ ಅರಿವು ಆ ಮರುಭೂಮಿಯಲ್ಲಿ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಅದೇ ಸಾಕ್ಷಿ.

ಇದೇ ಮರುಭೂಮಿಯ ಸಂನ್ಯಾಸಿಗಳು ಪುಸ್ತಕಗಳನ್ನು ಸಂಶಯದಿಂದಲೂ ನೋಡಿದರು. ಸೆರಾಪಿಯನ್ ಎಂಬ ಹಿರಿಯನಲ್ಲಿ ಒಬ್ಬ ಸಹಸಂನ್ಯಾಸಿ ಉಪದೇಶ ಕೇಳಿದಾಗ, ಆ ಸಂನ್ಯಾಸಿಯ ಗೂಡು ಪುಸ್ತಕಗಳಿಂದ ತುಂಬಿದ್ದನ್ನು ಕಂಡು ಹಿರಿಯ ಹೇಳಿದ್ದು: ‘ನಿನಗೇನು ಹೇಳಲಿ? ವಿಧವೆಯರಿಗೂ ಅನಾಥರಿಗೂ ಸೇರಬೇಕಾದದ್ದನ್ನು ತೆಗೆದು ಈ ಗೂಡಿನಲ್ಲಿ ಇಟ್ಟುಕೊಂಡಿದ್ದೀಯೆ.’ ಇನ್ನೊಂದು ಕಥೆ ಪಂಬೋನದು. ಚರ್ಚಿನ ಇತಿಹಾಸ ಬರೆದ ಸಾಕ್ರಟೀಸ್ ಇದನ್ನು ದಾಖಲಿಸಿದ್ದಾನೆ (ಇವನು ಐದನೆಯ ಶತಮಾನದವನು, ವಿಷ ಕುಡಿದ ಸಾಕ್ರಟೀಸ್ ಅಲ್ಲ). ಓದು ಬಾರದ ಪಂಬೋ ಒಬ್ಬನ ಬಳಿ ಕೀರ್ತನೆ ಕಲಿಯಲು ಹೋದ. ‘ನನ್ನ ನಾಲಿಗೆ ಪಾಪಕ್ಕೆ ಹೋಗದಂತೆ ನನ್ನ ನಡತೆಯಲ್ಲಿ ಎಚ್ಚರವಾಗಿರುವೆನು’ ಎಂಬ ಮೊದಲ ವಚನ ಕೇಳಿದ್ದೇ ತಡ, ಎರಡನೆಯದಕ್ಕೆ ಕಾಯದೆ ಎದ್ದು ಹೋದ. ಇಷ್ಟು ಸಾಕು, ಇದನ್ನು ನಡೆಸಬಲ್ಲೆನೇ ನೋಡುತ್ತೇನೆ ಎಂದ. ಆರು ತಿಂಗಳಾದರೂ ಮುಖ ತೋರಿಸಲಿಲ್ಲವೇಕೆ ಎಂದು ಕಲಿಸಿದವನು ಆಕ್ಷೇಪಿಸಿದಾಗ, ಆ ವಚನವನ್ನೇ ಇನ್ನೂ ಕಲಿತಿಲ್ಲ ಎಂದ. ಬಹುಕಾಲದ ಮೇಲೆ ಪರಿಚಿತನೊಬ್ಬ ವಿಚಾರಿಸಿದಾಗ, 19 ವರ್ಷಗಳಲ್ಲಿ ಕಷ್ಟಪಟ್ಟು ಅದನ್ನು ಸಾಧಿಸಿದೆ ಎಂದನಂತೆ. ಸೆರಾಪಿಯನ್ನನ ಮಾತಿನಲ್ಲಿ ಪುಸ್ತಕ ಸ್ವತ್ತು. ಪಂಬೋನ ಕಥೆಯಲ್ಲಿ ವಾಕ್ಯ ಒರೆಗಲ್ಲು. ಈ ಎರಡು ಕಥೆಗಳು ಒಂದೇ ಪರಂಪರೆಯಲ್ಲಿ ಉಳಿದುಬಂದದ್ದು ಆಕಸ್ಮಿಕವಲ್ಲ.

ಈ ಮರುಭೂಮಿಯ ಪಾಠಗಳನ್ನು ಲ್ಯಾಟಿನ್ ಜಗತ್ತಿಗೆ ಒಯ್ದವನು ಜಾನ್ ಕ್ಯಾಸಿಯನ್. ಐದನೆಯ ಶತಮಾನದ ಮೊದಲರ್ಧದಲ್ಲಿ, ಇಂದಿನ ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿದ್ದುಕೊಂಡು, ತಾನು ಯೌವನದಲ್ಲಿ ಈಜಿಪ್ಟಿನ ಹಿರಿಯರೊಡನೆ ನಡೆಸಿದ ಸಂಭಾಷಣೆಗಳನ್ನು ಬರೆದ. ಅವುಗಳಲ್ಲಿ ನೆಸ್ಟೆರೋಸ್ ಎಂಬ ಹಿರಿಯನೊಂದಿಗಿನ ಸಂಭಾಷಣೆಯ ಒಂದು ಭಾಗವನ್ನು ಓದಿದಾಗ ನನಗೆ ಅದು ಇಂದಿನ ಯಾವುದೇ ಸಾಹಿತ್ಯಾಸಕ್ತನ ಅಳಲಿನಂತೆ ಕೇಳಿಸುತ್ತದೆ. ಕ್ಯಾಸಿಯನ್ ಹೇಳಿಕೊಳ್ಳುತ್ತಾನೆ: ಬಾಲ್ಯದಲ್ಲಿ ಗುರುವಿನ ಒತ್ತಾಯದಿಂದ ಓದಿದ ಕಾವ್ಯಗಳು ನನ್ನ ಮನಸ್ಸನ್ನು ಹೊಕ್ಕುಬಿಟ್ಟಿವೆ, ಕೀರ್ತನೆ ಹಾಡುತ್ತಿರುವಾಗಲೂ, ಪಾಪಕ್ಷಮೆ ಬೇಡುತ್ತಿರುವಾಗಲೂ ಕವಿಗಳ ಕಥೆಗಳು, ವೀರರ ಯುದ್ಧಗಳು ಕಣ್ಣ ಮುಂದೆ ಕುಣಿಯುತ್ತವೆ. ನೆಸ್ಟೆರೋಸ್ ಅವನನ್ನು ಬೈಯುವುದಿಲ್ಲ. ಯಾವ ಶ್ರದ್ಧೆಯಿಂದ ಆ ಕಥೆಗಳನ್ನು ಕಲಿತೆಯೋ ಅದೇ ಶ್ರದ್ಧೆಯನ್ನು ಶಾಸ್ತ್ರದ ಓದಿಗೆ ತಿರುಗಿಸು ಎನ್ನುತ್ತಾನೆ. ಮನಸ್ಸು ಖಾಲಿ ಕೂರುವ ವಸ್ತುವಲ್ಲ, ಒಂದಲ್ಲ ಒಂದು ಕಥೆ ಅದನ್ನು ತುಂಬಿಯೇ ಇರುತ್ತದೆ ಎಂಬ ಗ್ರಹಿಕೆ ಇಲ್ಲಿ ಕೆಲಸ ಮಾಡುತ್ತಿದೆ. ಬಾಯಿಪಾಠ ಮಾಡುವಾಗ ಅರ್ಥವಾಗದ ಭಾಗಗಳು, ಆಮೇಲೆ ಕೆಲಸಕಾರ್ಯಗಳ ಗದ್ದಲವಿಲ್ಲದ ರಾತ್ರಿಯಲ್ಲಿ ಮೆಲುಕು ಹಾಕುವಾಗ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ ಎಂಬ ಮಾತೂ ಅದೇ ಸಂಭಾಷಣೆಯಲ್ಲಿದೆ. ಓದುಗನ ಮನಸ್ಸು ಹೊಸದಾದಂತೆ ಶಾಸ್ತ್ರದ ಮುಖವೂ ಹೊಸದಾಗುತ್ತದೆ ಎಂದೂ ನೆಸ್ಟೆರೋಸ್ ಹೇಳುತ್ತಾನೆ.

ಐಸಾಕ್ ಎಂಬ ಮತ್ತೊಬ್ಬ ಹಿರಿಯನ ಬಾಯಲ್ಲಿ ಬರುವ ಮಾತು ಇನ್ನೂ ಮುಂದೆ ಹೋಗುತ್ತದೆ. ಪಳಗಿದ ಸಂನ್ಯಾಸಿ ಕೀರ್ತನೆಯನ್ನು ದಾವೀದನ ರಚನೆ ಎಂಬಂತೆ ಹಾಡುವುದಿಲ್ಲ, ತಾನೇ ಆಗ ರಚಿಸಿದಂತೆ ಹಾಡುತ್ತಾನೆ. ಅದರ ಭಾವವನ್ನು ಅನುಭವದಲ್ಲಿ ಮೊದಲೇ ಮುಟ್ಟಿರುವುದರಿಂದ ಪದಗಳು ಬರುವ ಮುನ್ನವೇ ಅರ್ಥ ಅವನಿಗೆ ಸಿಕ್ಕಿರುತ್ತದೆ. ಅಥನೇಷಿಯಸನಲ್ಲಿ ಓದುಗನು ಬೇರೆಯವರ ಮಾತಿನಲ್ಲಿ ತನ್ನನ್ನು ಕಂಡರೆ, ಇಲ್ಲಿ ಓದುಗನು ಆ ಮಾತಿನ ಕರ್ತೃವೇ ಆಗಿಬಿಡುತ್ತಾನೆ.

ಓದು ಒಬ್ಬನನ್ನು ತನ್ನಿಂದ ಮರೆಮಾಡಲೂ ಬಲ್ಲದು ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ, ಬೈಬಲನ್ನು ಲ್ಯಾಟಿನ್ನಿಗೆ ಅನುವಾದಿಸಿದ ಜೆರೋಮನ ಕನಸು. 384ರಲ್ಲಿ ಯುಸ್ಟೋಕಿಯಂ ಎಂಬ ತರುಣಿಗೆ ಬರೆದ ದೀರ್ಘ ಪತ್ರದಲ್ಲಿ ಅವನು ಇದನ್ನು ಹೇಳುತ್ತಾನೆ. ಮನೆಮಾರು, ಬಂಧುಗಳು, ರುಚಿಯಾದ ಊಟ ಎಲ್ಲವನ್ನೂ ಬಿಟ್ಟವನಿಗೆ ತನ್ನ ಪುಸ್ತಕಗಳನ್ನು ಬಿಡಲಾಗಲಿಲ್ಲ. ಉಪವಾಸ ಮಾಡುತ್ತಿದ್ದ, ಆಮೇಲೆ ರೋಮಿನ ಪ್ರಾಚೀನ ವಾಗ್ಮಿ ಸಿಸೆರೊನನ್ನು ಓದುತ್ತಿದ್ದ. ಪ್ರವಾದಿಗಳ ಭಾಷೆ ಒರಟೆನಿಸುತ್ತಿತ್ತು. ಜ್ವರದಲ್ಲಿ ಮಲಗಿದ್ದಾಗ ನ್ಯಾಯಾಧೀಶನೊಬ್ಬನ ಪೀಠದೆದುರಿಗೆ ಎಳೆದೊಯ್ಯಲ್ಪಟ್ಟ. ನೀನು ಯಾರು ಎಂಬ ಪ್ರಶ್ನೆಗೆ ‘ಕ್ರೈಸ್ತ’ ಎಂದ. ‘ಸುಳ್ಳು, ನೀನು ಸಿಸೆರೊನವನು, ಕ್ರಿಸ್ತನವನಲ್ಲ, ನಿನ್ನ ನಿಧಿ ಎಲ್ಲಿದೆಯೋ ನಿನ್ನ ಮನಸ್ಸೂ ಅಲ್ಲಿಯೇ’ ಎಂಬ ಉತ್ತರ ಬಂತು. ಕನಸಿನ ಸತ್ಯಾಸತ್ಯವನ್ನು ಬಿಡಿ. ಅದನ್ನು ಜೆರೋಮ್ ಎಷ್ಟು ಸಾಹಿತ್ಯಕ ಸೊಗಸಿನಿಂದ ಬರೆದಿದ್ದಾನೆಂದರೆ ನ್ಯಾಯಾಧೀಶನ ಆರೋಪ ನಿಜವಿರಬೇಕು ಎನಿಸುತ್ತದೆ. ನಮಗೆ ಬೇಕಾದದ್ದು ಆ ವಿಚಾರಣೆಯ ಕ್ರಮ. ಅಲ್ಲಿ ಮನುಷ್ಯನ ಗುರುತನ್ನು ನಿರ್ಧರಿಸುವುದು ಅವನು ತನ್ನ ಬಗ್ಗೆ ಹೇಳಿಕೊಳ್ಳುವ ಮಾತಲ್ಲ, ಅವನು ಪ್ರೀತಿಯಿಂದ ಓದುವ ಪುಸ್ತಕ.

ಈಗ ಅಗಸ್ಟೀನನಿಗೆ ಮರಳೋಣ. ‘ಕನ್ಫೆಷನ್ಸ್’ ಬರೆಯಲು ತೊಡಗಿದಾಗ, ಸುಮಾರು 397ರಲ್ಲಿ, ಅವನು ಹಿಪ್ಪೋ ಎಂಬ ಬಂದರು ನಗರದ ಬಿಷಪ್. ಅದರ ಹದಿಮೂರು ಭಾಗಗಳನ್ನು ಒಬ್ಬ ಓದುಗನ ಚರಿತ್ರೆ ಎಂದೇ ಓದಬಹುದು. ಶಾಲೆಯಲ್ಲಿ ವರ್ಜಿಲನ ಕಾವ್ಯ ಓದಿ, ಪ್ರೇಮಕ್ಕಾಗಿ ಸತ್ತ ಡೈಡೊ ರಾಣಿಗೆ ಅತ್ತೆ, ಆದರೆ ದೇವರಿಂದ ದೂರವಾಗಿ ಸಾಯುತ್ತಿದ್ದ ನನಗಾಗಿ ಒಂದು ಹನಿಯೂ ಸುರಿಸಲಿಲ್ಲ ಎಂದು ಮೊದಲ ಭಾಗದಲ್ಲಿಯೇ ಬರೆಯುತ್ತಾನೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಸೆರೊನ ‘ಹೊರ್ಟೆನ್ಸಿಯಸ್’ ಓದಿ ಜ್ಞಾನದ ಹಂಬಲ ಹತ್ತಿತು. ಅದೇ ಹುರುಪಿನಲ್ಲಿ ಬೈಬಲ್ ತೆರೆದು ನೋಡಿದರೆ ಸಿಸೆರೊನ ಘನತೆಯ ಮುಂದೆ ಅದು ಕಳಪೆಯಾಗಿ ಕಂಡಿತು. ತನ್ನ ಉಬ್ಬು ಅದರ ಸರಳತೆಯನ್ನು ಸಹಿಸಲಿಲ್ಲ ಎಂದು ಆಮೇಲೆ ಅವನೇ ಕಾರಣ ಕೊಡುತ್ತಾನೆ. ಮಿಲಾನಿನಲ್ಲಿ ಬಿಷಪ್ ಅಂಬ್ರೋಸನ ಪ್ರವಚನ ಕೇಳಿ, ಅಕ್ಷರದ ಹಿಂದೆ ಅರ್ಥವಿರುತ್ತದೆ ಎಂಬುದು ಹೊಳೆಯಿತು. ಅಂಬ್ರೋಸ್ ತುಟಿ ಅಲುಗಿಸದೆ ಓದುತ್ತಿದ್ದ ದೃಶ್ಯ ಪ್ರಸಿದ್ಧವಾಗಿದೆ. ಅದರ ಮೇಲೆ ಮೌನ ಓದಿನ ಹುಟ್ಟಿನ ಸಿದ್ಧಾಂತಗಳನ್ನೇ ಕಟ್ಟಿದವರಿದ್ದಾರೆ. ನನಗೆ ಅದು ಅತಿರೇಕವೆನಿಸುತ್ತದೆ, ಏಕೆಂದರೆ ಪ್ರಾಚೀನರು ಮೌನವಾಗಿ ಓದಬಲ್ಲವರಾಗಿದ್ದರು ಎಂಬುದಕ್ಕೆ ಬೇರೆ ಆಧಾರಗಳೂ ಇವೆ. ಅಲ್ಲಿ ಅಗಸ್ಟೀನನಿಗೆ ಕಾಡಿದ್ದು ಬೇರೆ: ಬಾಗಿಲು ತೆರೆದಿದ್ದರೂ, ಯಾರು ಬೇಕಾದರೂ ಒಳಗೆ ಹೋಗಬಹುದಾಗಿದ್ದರೂ, ಓದುತ್ತ ಕುಳಿತ ಆ ಮನುಷ್ಯನನ್ನು ಮಾತಾಡಿಸಲು ಯಾರಿಗೂ ಧೈರ್ಯವಾಗುತ್ತಿರಲಿಲ್ಲ.

ಎಂಟನೆಯ ಭಾಗಕ್ಕೆ ಹೆಚ್ಚು ಸಮಯ ಕೊಡುತ್ತೇನೆ. 386ರ ಬೇಸಿಗೆ. ಪೊಂಟಿಸಿಯಾನಸ್ ಎಂಬ ಆಸ್ಥಾನದ ಅಧಿಕಾರಿ, ಆಫ್ರಿಕಾದವನೇ, ಅಗಸ್ಟೀನನ ಮನೆಗೆ ಬಂದ. ಆಟದ ಮೇಜಿನ ಮೇಲಿದ್ದ ಪುಸ್ತಕವನ್ನು ಎತ್ತಿಕೊಂಡು ನೋಡಿದ. ಭಾಷಣಕಲೆಯ ಪಠ್ಯವಿರಬೇಕೆಂದುಕೊಂಡರೆ ಅದು ಪೌಲನ ಪತ್ರಗಳು. ಸಂತೋಷಪಟ್ಟ ಅವನು ಆಂಟನಿಯ ಕಥೆ ಹೇಳಿದ. ಅಗಸ್ಟೀನನೂ ಗೆಳೆಯ ಅಲಿಪಿಯಸನೂ ಆ ಹೆಸರನ್ನೇ ಕೇಳಿರಲಿಲ್ಲ. ಆಮೇಲೆ ಟ್ರಿಯರ್ ನಗರದಲ್ಲಿ ನಡೆದದ್ದನ್ನು ಹೇಳಿದ. ಚಕ್ರವರ್ತಿ ಆಟ ನೋಡಲು ಹೋಗಿದ್ದ ಒಂದು ಮಧ್ಯಾಹ್ನ ಪೊಂಟಿಸಿಯಾನಸನ ಜೊತೆಗಾರರಿಬ್ಬರು ಕೋಟೆಯ ಹೊರಗಿನ ತೋಟಗಳಲ್ಲಿ ಅಡ್ಡಾಡುತ್ತ ಒಂದು ಸಣ್ಣ ಮನೆ ಹೊಕ್ಕರು. ಅಲ್ಲಿ ಆಂಟನಿಯ ಚರಿತ್ರೆಯ ಪ್ರತಿ ಸಿಕ್ಕಿತು. ಒಬ್ಬ ಓದಲು ತೊಡಗಿದ, ಓದುತ್ತ ಓದುತ್ತ ಬದಲಾದ, ಅರಮನೆಯ ಚಾಕರಿಯಲ್ಲಿ ನಾವು ಏನನ್ನು ಅರಸುತ್ತಿದ್ದೇವೆ ಎಂದು ಗೆಳೆಯನನ್ನು ಕೇಳಿದ. ಇಬ್ಬರೂ ಅಲ್ಲಿಯೇ ಉಳಿದರು.

ಈ ಕಥೆಯ ಕಟ್ಟಡವನ್ನು ನೋಡಿ. ಆಂಟನಿ ಸುವಾರ್ತೆಯನ್ನು ಕೇಳಿದ. ಅಥನೇಷಿಯಸ್ ಆಂಟನಿಯ ಬಗ್ಗೆ ಬರೆದ. ಟ್ರಿಯರಿನ ಅಧಿಕಾರಿ ಅದನ್ನು ಓದಿದ. ಪೊಂಟಿಸಿಯಾನಸ್ ಅವನ ಓದನ್ನು ಕಥೆಯಾಗಿ ಹೇಳಿದ. ಅಗಸ್ಟೀನ್ ಆ ಕಥೆಯನ್ನು ಕೇಳಿದ. ನಾವು ಅವನು ಬರೆದದ್ದನ್ನು ಓದುತ್ತಿದ್ದೇವೆ. ಇಷ್ಟು ಕೈಗಳನ್ನು ದಾಟಿ ಬಂದ ಮಾತು ಅಗಸ್ಟೀನನಿಗೆ ಮಾಡಿದ್ದೇನು? ಪೊಂಟಿಸಿಯಾನಸ್ ಮಾತಾಡುತ್ತಿದ್ದಂತೆ, ದೇವರು ತನ್ನನ್ನು ತನ್ನ ಬೆನ್ನ ಹಿಂದಿನಿಂದ, ತನ್ನನ್ನು ನೋಡಿಕೊಳ್ಳಲಾರದೆ ತಾನೇ ಬಚ್ಚಿಟ್ಟುಕೊಂಡಿದ್ದ ಜಾಗದಿಂದ, ಎಳೆದು ತನ್ನ ಮುಖದೆದುರಿಗೆ ನಿಲ್ಲಿಸಿದ ಎಂದು ಬರೆಯುತ್ತಾನೆ. ತಾನೆಷ್ಟು ಕುರೂಪಿ, ಎಷ್ಟು ಕೊಳಕ ಎಂದು ಕಂಡ, ಅಸಹ್ಯಪಟ್ಟ, ಆದರೆ ತನ್ನಿಂದ ಓಡಿಹೋಗಲು ಜಾಗವಿರಲಿಲ್ಲ. ಒಬ್ಬ ಅಪರಿಚಿತನ ಓದಿನ ಸುದ್ದಿ ಮನುಷ್ಯನನ್ನು ಅವನೆದುರಿಗೆ ನಿಲ್ಲಿಸಿದ ಕ್ಷಣ ಇದು. ಇದರ ಬೆನ್ನಿಗೇ ಬರುವ, ಅವನ ಪರಿವರ್ತನೆಯ ತೋಟದ ಪ್ರಸಂಗಕ್ಕಿಂತ ಇದು ಹೆಚ್ಚು ಮುಖ್ಯವೆಂದು ನಾನು ತಿಳಿದಿದ್ದೇನೆ.

ತೋಟದ ಪ್ರಸಂಗ ನಿಮಗೆ ಗೊತ್ತಿರುವಂಥದ್ದೇ. ಅಂಜೂರದ ಮರದ ಕೆಳಗೆ ಅಳುತ್ತಿದ್ದಾಗ ಪಕ್ಕದ ಮನೆಯಿಂದ ಹುಡುಗನದೋ ಹುಡುಗಿಯದೋ ದನಿ, ‘ಎತ್ತಿಕೋ, ಓದು’ ಎಂದು ಮತ್ತೆ ಮತ್ತೆ ಹಾಡುವುದು ಕೇಳಿಸಿತು. ಮಕ್ಕಳ ಯಾವ ಆಟದಲ್ಲಿ ಇಂಥ ಹಾಡಿದೆ ಎಂದು ಯೋಚಿಸಿದ, ನೆನಪಾಗಲಿಲ್ಲ. ಆಂಟನಿಗೆ ಆದದ್ದು ನೆನಪಾಯಿತು. ಅಲಿಪಿಯಸ್ ಕುಳಿತಿದ್ದಲ್ಲಿಗೆ ಮರಳಿ, ಅಲ್ಲಿ ಇಟ್ಟುಬಂದಿದ್ದ ಪೌಲನ ಪುಸ್ತಕ ತೆರೆದು, ಕಣ್ಣಿಗೆ ಮೊದಲು ಬಿದ್ದದ್ದನ್ನು ಮೌನವಾಗಿ ಓದಿದ. ರೋಮಾಪುರದವರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದ ಕೊನೆ: ದುಂದೌತಣ, ಕುಡಿತ, ಕಾಮ, ಜಗಳ ಇವುಗಳನ್ನು ಬಿಟ್ಟು ಕರ್ತನಾದ ಯೇಸು ಕ್ರಿಸ್ತನನ್ನು ಧರಿಸಿಕೊಳ್ಳಿರಿ. ಮುಂದೆ ಓದುವ ಇಷ್ಟವೂ ಇರಲಿಲ್ಲ, ಅಗತ್ಯವೂ ಇರಲಿಲ್ಲ.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಅಗಸ್ಟೀನ್ ನಿಲ್ಲಿಸಲಿಲ್ಲ. ಅವನು ಬೆರಳನ್ನೋ ಇನ್ನಾವುದೋ ಗುರುತನ್ನೋ ಇಟ್ಟು ಪುಸ್ತಕ ಮುಚ್ಚಿ ಅಲಿಪಿಯಸನಿಗೆ ನಡೆದದ್ದನ್ನು ಹೇಳಿದ. ಅಲಿಪಿಯಸ್ ಆ ಪುಟವನ್ನು ನೋಡಬೇಕೆಂದ, ಗೆಳೆಯ ನಿಲ್ಲಿಸಿದ ಕಡೆಯಿಂದ ಮುಂದಕ್ಕೆ ಓದಿದ. ಅಲ್ಲಿದ್ದದ್ದು ‘ನಂಬಿಕೆಯಲ್ಲಿ ದೃಢವಿಲ್ಲದವರನ್ನು ಸೇರಿಸಿಕೊಳ್ಳಿರಿ’ ಎಂಬ ಮಾತು. ಅದನ್ನು ಅವನು ತನಗೆ ಅನ್ವಯಿಸಿಕೊಂಡ. ಒಂದೇ ಪುಸ್ತಕ, ಒಂದೇ ಪುಟ, ಒಂದರ ಪಕ್ಕದಲ್ಲಿ ಒಂದು ವಾಕ್ಯ. ಕಾಮದ ಸೆರೆಯಲ್ಲಿದ್ದವನು ಒಂದನ್ನು ತನ್ನದೆಂದ, ಶಾಂತಸ್ವಭಾವದ ಸಂಕೋಚಗಾರ ಇನ್ನೊಂದನ್ನು. ಪುಸ್ತಕವನ್ನು ಎಲ್ಲೆಂದರಲ್ಲಿ ತೆರೆದು ಭವಿಷ್ಯ ಕೇಳುವ ಪದ್ಧತಿ ಆಗಲೂ ಇತ್ತು, ಅದರ ಬಗ್ಗೆ ಅಗಸ್ಟೀನನಿಗೆ ಸಂಶಯವೂ ಇತ್ತು. ತೋಟದಲ್ಲಿ ನಡೆದದ್ದನ್ನು ಆ ಪದ್ಧತಿಯಿಂದ ಬೇರ್ಪಡಿಸುವುದು ಅಲಿಪಿಯಸನ ಈ ಓದೇ ಎಂದು ನನಗನ್ನಿಸುತ್ತದೆ. ವಾಕ್ಯ ಯಾರ ಭವಿಷ್ಯವನ್ನೂ ಹೇಳಲಿಲ್ಲ. ತನ್ನ ದೌರ್ಬಲ್ಯ ಯಾವುದೆಂದು ಇಬ್ಬರೂ ಅದರಿಂದ ಆರಿಸಿಕೊಂಡರು.

ಅದಾದ ಮೇಲೆ ಅಂಬ್ರೋಸನಿಗೆ ಪತ್ರ ಬರೆದು ಯಾವ ಪುಸ್ತಕ ಓದಲಿ ಎಂದು ಕೇಳಿದ. ಯೆಶಾಯನನ್ನು ಓದು ಎಂಬ ಉತ್ತರ ಬಂತು. ಮೊದಲ ಭಾಗವೇ ಅರ್ಥವಾಗದೆ ಮುಚ್ಚಿಟ್ಟೆ ಎಂದು ಅಗಸ್ಟೀನ್ ಪ್ರಾಮಾಣಿಕವಾಗಿ ಹೇಳುತ್ತಾನೆ. ಒಳ್ಳೆಯ ಗುರುವಿನ ಸಲಹೆಯೂ ಕೆಲವೊಮ್ಮೆ ಹೊತ್ತು ತಪ್ಪಿ ಬರುತ್ತದೆ. ಅವನಿಗೆ ಆಗ ಒದಗಿದ್ದು ಕೀರ್ತನೆಗಳು. ಮಿಲಾನಿನ ಹೊರಗೆ ಕ್ಯಾಸಿಸಿಯಾಕಂ ಎಂಬಲ್ಲಿ ಗೆಳೆಯನ ಹಳ್ಳಿಮನೆಯಲ್ಲಿದ್ದಾಗ ನಾಲ್ಕನೆಯ ಕೀರ್ತನೆಯನ್ನು ಓದಿದ ಬಗೆಯನ್ನು ಸಾಲು ಸಾಲಾಗಿ ವಿವರಿಸುತ್ತಾನೆ. ‘ಎಂದಿನವರೆಗೆ ವ್ಯರ್ಥವಾದದ್ದನ್ನು ಪ್ರೀತಿಸಿ ಸುಳ್ಳನ್ನು ಹುಡುಕುವಿರಿ?’ ಎಂಬಲ್ಲಿ ನಡುಗಿದೆ, ಏಕೆಂದರೆ ಅಂಥವನು ನಾನೇ ಆಗಿದ್ದೆ. ‘ಕೋಪಿಸಿಕೊಳ್ಳಿರಿ, ಪಾಪ ಮಾಡಬೇಡಿರಿ’ ಎಂಬಲ್ಲಿ, ನನ್ನ ಮೇಲೆಯೇ ಕೋಪಿಸಿಕೊಳ್ಳುವುದನ್ನು ಕಲಿತೆ. ಒಂಬತ್ತು ವರ್ಷ ತಾನು ಬೆರೆತಿದ್ದ, ಮಾನಿ ಎಂಬ ಪ್ರವಾದಿಯ ಪಂಥದವರು ಎಲ್ಲೋ ಹತ್ತಿರ ನಿಂತು ಈ ಓದನ್ನು ಕೇಳಬೇಕಿತ್ತು ಎಂದು ಆಸೆಪಡುತ್ತಾನೆ, ಒಂದು ಷರತ್ತಿನ ಮೇಲೆ: ಅವರು ಕೇಳುತ್ತಿದ್ದಾರೆಂದು ತನಗೆ ಗೊತ್ತಿರಬಾರದು. ಗೊತ್ತಿದ್ದರೆ ತಾನು ಬೇರೆ ಬಗೆಯಲ್ಲಿ ಓದುತ್ತಿದ್ದೆ, ಅವರೂ ಬೇರೆ ಬಗೆಯಲ್ಲಿ ಕೇಳುತ್ತಿದ್ದರು. ಜೀವನವೆಲ್ಲ ಸಭೆಯೆದುರು ಮಾತಾಡಿ ಹೊಟ್ಟೆ ಹೊರೆದವನಿಗಷ್ಟೇ ಈ ಷರತ್ತು ಹೊಳೆಯಬಲ್ಲದು.

ಮುಂದೆ ಬಿಷಪ್ ಆಗಿ ಹಿಪ್ಪೋದ ಸಾಮಾನ್ಯ ಜನರಿಗೆ ಕೀರ್ತನೆಗಳನ್ನು ವಿವರಿಸುವಾಗ ಇದನ್ನೇ ಪಾಠವಾಗಿ ಕೊಟ್ಟ: ಕೀರ್ತನೆ ಪ್ರಾರ್ಥಿಸಿದರೆ ನೀವೂ ಪ್ರಾರ್ಥಿಸಿ, ನರಳಿದರೆ ನರಳಿ, ಹಿಗ್ಗಿದರೆ ಹಿಗ್ಗಿ; ಇಲ್ಲಿ ಬರೆದಿರುವುದೆಲ್ಲ ನಮ್ಮ ಕನ್ನಡಿ. ‘ಕನ್ಫೆಷನ್ಸ್’ನ ಹನ್ನೊಂದನೆಯ ಭಾಗದಲ್ಲಿ ಇದು ತತ್ತ್ವವಾಗುತ್ತದೆ. ಬಾಯಿಪಾಠವಾದ ಕೀರ್ತನೆಯನ್ನು ಹಾಡತೊಡಗುವ ಮುನ್ನ ಅದೆಲ್ಲವೂ ನಿರೀಕ್ಷೆಯಲ್ಲಿರುತ್ತದೆ. ಹಾಡಿದಂತೆ ಒಂದೊಂದೇ ತುಣುಕು ನೆನಪಿಗೆ ಸರಿಯುತ್ತದೆ. ನಿರೀಕ್ಷೆ ಕುಗ್ಗಿ ನೆನಪು ಬೆಳೆಯುತ್ತದೆ. ಮನುಷ್ಯನ ಇಡೀ ಜೀವನವೂ ಹೀಗೆಯೇ, ಮನುಷ್ಯಕುಲದ ಇಡೀ ಕಾಲವೂ ಹೀಗೆಯೇ ಎನ್ನುತ್ತಾನೆ. ಬದುಕನ್ನು ಅರಿಯಲು ಅವನಿಗೆ ಸಿಕ್ಕ ಮಾದರಿ ಒಂದು ಪಠಣ. ಅದು ಮುಗಿಯುವವರೆಗೆ ಪೂರ್ತಿ ಅರ್ಥ ಹಾಡುವವನ ಕೈಗೆ ಬರುವುದಿಲ್ಲ. ಹತ್ತನೆಯ ಭಾಗದಲ್ಲಿ ‘ನನಗೆ ನಾನೇ ಒಂದು ಪ್ರಶ್ನೆಯಾಗಿದ್ದೇನೆ’ ಎಂದು ಬರೆದವನು, ಪರಿವರ್ತನೆಯಾಗಿ ಹತ್ತು ವರ್ಷ ಕಳೆದ ಬಿಷಪ್ ಎಂಬುದನ್ನು ಮರೆಯಬಾರದು.

ಪೋಪ್ ಮೊದಲನೆಯ ಗ್ರೆಗರಿಯನ್ನು ಒಂದು ಮಾತಿನಲ್ಲಿ ಸ್ಮರಿಸುತ್ತೇನೆ. ಆರನೆಯ ಶತಮಾನದ ಕೊನೆಯಲ್ಲಿ ಯೋಬನ ಗ್ರಂಥವನ್ನು ವಿವರಿಸುತ್ತ, ಶಾಸ್ತ್ರವು ಮನಸ್ಸಿನ ಕಣ್ಣಿಗೆ ಹಿಡಿದ ಕನ್ನಡಿ, ಅದರಲ್ಲಿ ನಮ್ಮ ಒಳಮುಖದ ಕುರೂಪವೂ ಕಾಣುತ್ತದೆ, ಚೆಲುವೂ ಕಾಣುತ್ತದೆ ಎಂದ. ಯೆಹೆಜ್ಕೇಲನ ಮೇಲಿನ ಪ್ರವಚನದಲ್ಲಿ, ದೈವವಾಕ್ಯಗಳು ಓದುವವನೊಂದಿಗೆ ಬೆಳೆಯುತ್ತವೆ ಎಂದ. ಮಧ್ಯಯುಗದ ಮಠಗಳ ಓದಿನ ಪದ್ಧತಿಗೆ ಈ ಮಾತು ಬುನಾದಿಯಾಯಿತು. ಆ ಕಥೆ ಇಂದಿನ ಮಿತಿಯ ಹೊರಗಿನದು.

ಅಗಸ್ಟೀನನ ಕೊನೆಯ ದೊಡ್ಡ ಓದೊಂದು ಉಳಿದಿದೆ. ಎಪ್ಪತ್ತು ದಾಟಿದ ಮೇಲೆ, 426ರ ಸುಮಾರಿಗೆ, ತಾನು ಬರೆದದ್ದನ್ನೆಲ್ಲ ಬರೆದ ಕ್ರಮದಲ್ಲಿಯೇ ಮತ್ತೆ ಓದಿ ತಿದ್ದುಪಡಿಗಳನ್ನು ದಾಖಲಿಸಲು ಕುಳಿತ. ‘ರಿಟ್ರಾಕ್ಟೇಷನ್ಸ್’ ಎಂಬ ಆ ಕೃತಿಯಲ್ಲಿ 93 ಗ್ರಂಥಗಳ 232 ಭಾಗಗಳ ಲೆಕ್ಕವಿದೆ. ನನ್ನ ಕೃತಿಗಳನ್ನು ಬರೆದ ಕ್ರಮದಲ್ಲಿ ಓದುವವನಿಗೆ ನಾನು ಬರೆಯುತ್ತ ಹೇಗೆ ಮುಂದುವರಿದೆ ಎಂಬುದು ತಿಳಿದೀತು ಎಂದು ಮುನ್ನುಡಿಯಲ್ಲಿ ಹೇಳುತ್ತಾನೆ. ‘ಕನ್ಫೆಷನ್ಸ್’ನ ಸರದಿ ಬಂದಾಗ, ಬರೆಯುವಾಗ ತನ್ನನ್ನು ಕದಲಿಸಿದಂತೆಯೇ ಈಗ ಓದುವಾಗಲೂ ಅದು ಕದಲಿಸುತ್ತದೆ ಎನ್ನುತ್ತಾನೆ. ಆದರೆ ನಾಲ್ಕನೆಯ ಭಾಗದ ಒಂದು ವಾಕ್ಯ ಅವನಿಗೆ ಹಿಡಿಸುವುದಿಲ್ಲ. ಯೌವನದಲ್ಲಿ ಆಪ್ತ ಗೆಳೆಯನೊಬ್ಬ ಸತ್ತಾಗ, ನಮ್ಮಿಬ್ಬರದು ಒಂದೇ ಆತ್ಮವಾಗಿತ್ತು, ನಾನೂ ಸತ್ತರೆ ನಾನು ಅಷ್ಟು ಪ್ರೀತಿಸಿದವನು ಪೂರ್ತಿಯಾಗಿ ಸತ್ತಂತಾಗುತ್ತದೆ ಎಂಬ ಭಯದಿಂದಲೇ ಸಾಯಲು ಅಂಜುತ್ತಿದ್ದೆನೇನೋ ಎಂದು ಬರೆದಿದ್ದ. ಓದಿದವರು ಕಣ್ಣೊರೆಸಿಕೊಳ್ಳುವಂಥ ವಾಕ್ಯ. ಅದರ ಬಗ್ಗೆ ಮುದುಕ ಅಗಸ್ಟೀನನ ತೀರ್ಪು: ಇದು ಗಂಭೀರವಾದ ನಿವೇದನೆಗಿಂತ ಹಗುರವಾದ ಭಾಷಣದಂತಿದೆ, ‘ಏನೋ’ ಎಂಬ ಪದ ಅಲ್ಲಿ ಸೇರಿಕೊಂಡಿರುವುದರಿಂದ ಆ ಅಸಂಬದ್ಧತೆ ಸ್ವಲ್ಪ ತಗ್ಗಿದೆ. ವಾಕ್ಯವನ್ನು ಅವನು ಅಳಿಸಲಿಲ್ಲ, ತೀರ್ಪನ್ನು ಬೇರೊಂದು ಪುಸ್ತಕದಲ್ಲಿ ಬರೆದಿಟ್ಟ; ನಾವು ಇಂದು ಎರಡನ್ನೂ ಓದಬಹುದು.